ಎನ್‌ಕೆ ಕೋಶ ಹೆಚ್ಚಿಸಿದರೆ ಕೀಮೋ ಬೇಡವೇ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರೋಗನಿರೋಧಕ ಕೋಶಗಳೇ ಗೆಡ್ಡೆಯನ್ನು ಕೊಲ್ಲುತ್ತವೆ, ಅವನ್ನು ಹೆಚ್ಚಿಸಿಕೊಂಡರೆ ಕೀಮೋ ಬೇಡ ಎಂದು ಒಬ್ಬರು ಹೇಳುತ್ತಿದ್ದಾರೆ. ನಿಜವೇ?

ಸುಳ್ಳು. ಕೀಮೋ ನಿಲ್ಲಿಸಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಮ್ಮ ಮೈಯ ಬಹುತೇಕ ಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತು ಇರುತ್ತದೆ. ಎನ್‌ಕೆ ಕೋಶ ಅದನ್ನು ತಡವಿ ನೋಡಿ, ನಮ್ಮದೇ ಎಂದು ಬಿಟ್ಟು ಮುಂದೆ ಹೋಗುತ್ತದೆ. ಈ ಗುರುತಿನ ಮೂಲಕವೇ ಕೆಟ್ಟ ಕೋಶವನ್ನು ಪತ್ತೆಹಚ್ಚುವ ಟಿ ಕೋಶಗಳೆಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳ ಕಣ್ಣು ತಪ್ಪಿಸಲು ಎಷ್ಟೋ ಕ್ಯಾನ್ಸರ್ ಕೋಶಗಳು ಈ ಗುರುತನ್ನೇ ಅಳಿಸಿಕೊಳ್ಳುತ್ತವೆ. ಎನ್‌ಕೆ ಕೈಗೆ ಸಿಕ್ಕಿಬೀಳುವುದು ಅಲ್ಲೇ. ಸ್ವೀಡನ್‌ನ ವಿಜ್ಞಾನಿ ಕ್ಲಾಸ್ ಕಾರೆ 1980ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಆದರೆ ಗುರುತು ಇಲ್ಲದಿರುವುದೊಂದೇ ಸಾಲದು. ಕೆಂಪು ರಕ್ತಕಣದಲ್ಲೂ ಅದು ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಯಾರೂ ಕೊಲ್ಲುವುದಿಲ್ಲ ಅಲ್ವಾ? ಕೆಟ್ಟ ಕೋಶ ತನ್ನ ಮೈಮೇಲೆ ಮಿಕ್‌-ಎ ಥರದ ಸಂಕಟದ ಪ್ರೋಟೀನನ್ನೂ ತೋರಿಸಬೇಕು. ಆಗ ಎನ್‌ಕೆ ಅದಕ್ಕೆ ಅಂಟಿಕೊಳ್ಳುತ್ತದೆ. ಒಳಗಿನ ವಿಷದ ಕಾಳುಗಳೆಲ್ಲ ಅಂಟಿದ ಕಡೆಗೇ ಸರಿದು ಬರುತ್ತವೆ. ಆ ಕಾಳುಗಳಲ್ಲಿರುವ ಪರ್ಫೊರಿನ್ ಎಂಬ ಪ್ರೋಟೀನು ತೂತು ಕೊರೆಯುತ್ತದೆ, ಗ್ರ್ಯಾನ್‌ಜೈಮ್ ಎಂಬ ಇನ್ನೊಂದು ಒಳಗೆ ನುಗ್ಗುತ್ತದೆ, ಕೋಶ ಸಾಯುತ್ತದೆ. ಎನ್‌ಕೆ ಬಿಡಿಸಿಕೊಂಡು ಇನ್ನೊಂದನ್ನು ಹಿಡಿಯುತ್ತದೆ.

ಮತ್ತೆ ಕ್ಯಾನ್ಸರ್ ಯಾಕೆ ಬೆಳೆಯುತ್ತದೆ? ಗೆಡ್ಡೆ ಮಿಕ್‌-ಎಯನ್ನು ಕತ್ತರಿಸಿ ರಕ್ತಕ್ಕೆ ಬಿಡುತ್ತದೆ, ಎನ್‌ಕೆ ಮಂಕಾಗುತ್ತದೆ. ಗಟ್ಟಿ ಗೆಡ್ಡೆಯ ಒಳಗೆ ಹೋಗುವುದೂ ಅದಕ್ಕೆ ಕಷ್ಟ. ಸುಮ್ನೆ ಸಂಖ್ಯೆ ಜಾಸ್ತಿ ಮಾಡಿ ಏನು ಪ್ರಯೋಜನ?

ಅಮ್ಮನ ಬಯಾಪ್ಸಿ ವರದಿಯಲ್ಲಿ ಹರ್‌-2 (ಗೆಡ್ಡೆಯ ಕೋಶಗಳ ಮೇಲಿನ ಒಂದು ಪ್ರೋಟೀನು) ಪಾಸಿಟಿವ್ ಇದೆಯಾ ನೋಡಿ. ಇದ್ದರೆ ಟ್ರಾಸ್ಟುಜುಮಾಬ್ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ. ಆ ಔಷಧಿ ಗೆಡ್ಡೆಗೆ ಅಂಟುತ್ತದೆ, ಅದರ ಬಾಲವನ್ನು ಎನ್‌ಕೆ ಹಿಡಿದುಕೊಳ್ಳುತ್ತದೆ. ಎನ್‌ಕೆ ನೆರವು ಬೇಕೆಂದರೆ ಅದು ಸರಿಯಾದ ಚಿಕಿತ್ಸೆಯೊಳಗೇ ಇದೆ.

2020ರಲ್ಲಿ ಅಮೆರಿಕದ ಎಂ.ಡಿ. ಆ್ಯಂಡರ್ಸನ್ ಕೇಂದ್ರದವರು ಹೊಕ್ಕುಳಬಳ್ಳಿಯ ರಕ್ತದ ಎನ್‌ಕೆ ಕೋಶಗಳನ್ನು ಮಾರ್ಪಡಿಸಿ ಕೊಟ್ಟಾಗ 11 ರೋಗಿಗಳಲ್ಲಿ 8 ಮಂದಿಯಲ್ಲಿ ಕ್ಯಾನ್ಸರ್ ತಗ್ಗಿತು. ಅವರಿಗಿದ್ದದ್ದು ಲಿಂಫೋಮಾ, ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗಳು. ಸ್ತನ ಕ್ಯಾನ್ಸರ್ ಅಲ್ಲ. ಈ ಸುದ್ದಿ ತೋರಿಸಿ ನಿಮ್ಮಿಂದ ದುಡ್ಡು ಕೀಳುವವರಿದ್ದಾರೆ, ಹುಷಾರು. ಕೀಮೋ ಬಿಟ್ಟು ಎನ್‌ಕೆ ಹೆಚ್ಚಿಸುತ್ತದೆ ಎಂಬ ಡ್ರಿಪ್ ಹಾಕಿಸಿಕೊಂಡು ಆರು ತಿಂಗಳ ಮೇಲೆ ನನ್ನ ಬಳಿ ಬಂದವರಿದ್ದಾರೆ. ಅಷ್ಟರಲ್ಲಿ ಗಂಟು ಕಂಕುಳಿಗೂ ಹಬ್ಬಿತ್ತು. ನನಗೆ ಸಿಟ್ಟು ಬರುವುದು ಇದಕ್ಕೇ.

ಪ್ರಶ್ನೆ: ಎನ್‌ಕೆ ಎಣಿಕೆಯ ಟೆಸ್ಟ್ ಮಾಡಿಸಲೇ?

ಬೇಡ. ರಕ್ತದಲ್ಲಿ ಎಷ್ಟಿವೆ ಎನ್ನುವುದು ಗೆಡ್ಡೆಯೊಳಗೆ ಏನು ಮಾಡುತ್ತಿವೆ ಎಂದು ಹೇಳುವುದಿಲ್ಲ.

ಪ್ರಶ್ನೆ: ಅಮೃತಬಳ್ಳಿ ಕಷಾಯ?

ಕೀಮೋ ನಡೆಯುವಾಗ ಖಂಡಿತ ಬೇಡ. ಅದನ್ನು ಕುಡಿದು ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಈಗಾಗಲೇ ಕುಡಿಸುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.