ಏಳು ದಿನ ಒಂದೇ ಊರಿನಲ್ಲಿ

ಓದುಗರ ಪತ್ರ

ದಾವಣಗೆರೆಯಿಂದ ಬಿ.ಕಾಂ. ನಾಲ್ಕನೆಯ ಸೆಮಿಸ್ಟರಿನ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: “ಎರಡು ವರ್ಷಗಳಲ್ಲಿ 14 ಸೇವಾ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದೇನೆ. ಕೆರೆ ಸ್ವಚ್ಛತೆ, ಸಸಿ ನೆಡುವುದು, ಜಾಗೃತಿ ಓಟ, ರಕ್ತದಾನ, ಅನಾಥಾಲಯದಲ್ಲಿ ದೀಪಾವಳಿ. ಎಲ್ಲಕ್ಕೂ ಪ್ರಮಾಣಪತ್ರಗಳಿವೆ. ಈಗ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದವರು ಏಳು ದಿನಗಳ ಗ್ರಾಮ ಶಿಬಿರಕ್ಕೆ ಹೆಸರು ಕೊಡಿ ಎನ್ನುತ್ತಿದ್ದಾರೆ. ಅಷ್ಟು ದಿನದಲ್ಲಿ ಊರಲ್ಲೇ ಮೂರು ನಾಲ್ಕು ಕಾರ್ಯಕ್ರಮ ಮುಗಿಸಿದರೆ ಹೆಚ್ಚು ಜನರಿಗೆ ಉಪಯೋಗವಲ್ಲವೇ? ಹಳ್ಳಿಯ ಶಾಲೆಯಲ್ಲಿ ಮಲಗಿ ಒಂದು ಚರಂಡಿ ತೋಡುವುದರಿಂದ ಯಾರಿಗೇನು ಲಾಭ? ಅಮ್ಮನಿಗೂ ಇಷ್ಟವಿಲ್ಲ. ನೀವೇನು ಹೇಳುತ್ತೀರಿ?”

ಸಂಪಾದಕರ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಪ್ಪತ್ತರ ವಯಸ್ಸಿನಲ್ಲಿ ಭಾನುವಾರದ ನಿದ್ದೆ ಬಿಟ್ಟು 14 ಬಾರಿ ಮನೆಯಿಂದ ಹೊರಟವರ ಮೇಲೆ ಯಾರೂ ತಪ್ಪು ಹೊರಿಸುವಂತಿಲ್ಲ, ನಾನಂತೂ ಹೊರಿಸಲಾರೆ. ಆದರೆ ಎರಡನೆಯ ಓದಿನಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಪತ್ರದಲ್ಲಿ ಕಾರ್ಯಕ್ರಮಗಳ ಎಣಿಕೆ ಇದೆ, ಪ್ರಮಾಣಪತ್ರಗಳ ಲೆಕ್ಕ ಇದೆ, ಆದರೆ ಆ 14 ದಿನಗಳಲ್ಲಿ ನೀವು ಕಂಡು ಮಾತನಾಡಿಸಿದ ಒಬ್ಬ ಮನುಷ್ಯನ ಸುದ್ದಿಯೂ ಇಲ್ಲ. ಇದು ನಿಮ್ಮ ತಪ್ಪಲ್ಲ. ಆ ಕಾರ್ಯಕ್ರಮಗಳನ್ನು ಯಾರನ್ನೂ ಪರಿಚಯ ಮಾಡಿಕೊಳ್ಳಬೇಕಾಗದ ರೀತಿಯಲ್ಲಿಯೇ ಏರ್ಪಡಿಸಲಾಗುತ್ತಿದೆ.

ಒಂದು ದಿನದ ಕಾರ್ಯಕ್ರಮಗಳೆಲ್ಲ ವ್ಯರ್ಥ ಎಂದು ನಾನು ಹೇಳುವುದಿಲ್ಲ. ರಕ್ತದಾನವನ್ನೇ ನೋಡಿ. ಹಣಕ್ಕಾಗಿ ರಕ್ತ ಮಾರುವವರನ್ನು ನಮ್ಮ ಆಸ್ಪತ್ರೆಗಳು ನಂಬಿಕೊಂಡಿದ್ದ ಕಾಲವೊಂದಿತ್ತು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 1998ರ ಜನವರಿಯಿಂದ ಅದು ನಿಂತಿತು, ಮತ್ತು ಆ ಜಾಗವನ್ನು ತುಂಬಲು ಮುಂದೆ ಬಂದವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು. 18 ವರ್ಷ ತುಂಬಿದ, 45 ಕಿಲೋ ತೂಗುವ ಆರೋಗ್ಯವಂತರು 350 ಮಿಲಿಲೀಟರ್ ಕೊಟ್ಟು ಒಂದು ಗಂಟೆಯೊಳಗೆ ತರಗತಿಗೆ ಮರಳಬಹುದು. ಆದರೆ ಇಲ್ಲೂ ಒಂದು ಮಾತಿದೆ. ಪ್ಲೇಟ್‌ಲೆಟ್‌ಗಳು ಐದು ದಿನ ಉಳಿಯುತ್ತವೆ, ಕೆಂಪು ರಕ್ತಕಣಗಳು ಹೆಚ್ಚೆಂದರೆ ಆರು ವಾರ. ಅಕ್ಟೋಬರ್ 1ರ ರಕ್ತದಾನ ದಿನದ ಸುತ್ತಮುತ್ತ ಎಲ್ಲ ಕಾಲೇಜುಗಳೂ ಒಟ್ಟಿಗೆ ಶಿಬಿರ ನಡೆಸಿ, ಬೇಸಿಗೆ ರಜೆಯಲ್ಲಿ ಎಲ್ಲವೂ ಒಟ್ಟಿಗೆ ಬಾಗಿಲು ಹಾಕಿದರೆ, ಮೇ ತಿಂಗಳಲ್ಲಿ ರಕ್ತಕ್ಕಾಗಿ ಅಲೆಯುವ ಮನೆಯವರಿಗೆ ಅಕ್ಟೋಬರಿನ ದಾನ ಸಿಗುವುದಿಲ್ಲ. ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ವರ್ಷಕ್ಕೆ ಮೂರು ಸಲ ಅದೇ ರಕ್ತನಿಧಿಯ ಮೆಟ್ಟಿಲು ಹತ್ತುವ ಹುಡುಗಿಯನ್ನು ಅಲ್ಲಿನ ಸಿಬ್ಬಂದಿ ಹೆಸರು ಹಿಡಿದು ಕರೆಯುತ್ತಾರೆ, ತುರ್ತಿದ್ದಾಗ ಅವಳಿಗೇ ಫೋನ್ ಮಾಡುತ್ತಾರೆ. ನಾನು ಹೇಳಹೊರಟಿರುವುದು ಇದನ್ನೇ: ಹೋದಲ್ಲಿಗೇ ಮತ್ತೆ ಹೋಗುವುದು.

ಕೆರೆ ಸ್ವಚ್ಛತೆಯ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕಾರ್ಯಕ್ರಮಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಇನ್ನೂರು ಮಕ್ಕಳು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಕೈಗವಸು ಹಾಕಿಕೊಂಡು, ಬೆಳಿಗ್ಗೆ ಹನ್ನೊಂದರೊಳಗೆ ದಂಡೆಯ ಪ್ಲಾಸ್ಟಿಕ್ ಎಲ್ಲ ಆಯ್ದು ನೂರಾರು ಚೀಲಗಳಲ್ಲಿ ತುಂಬಿದರು. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಎಂಟು ದಿನದ ನಂತರ ಅದೇ ದಾರಿಯಲ್ಲಿ ಹೋದಾಗ ಚೀಲಗಳು ಅಲ್ಲಿಯೇ ಇದ್ದವು. ಲಾರಿಗೆ ಯಾರೂ ಹೇಳಿರಲಿಲ್ಲ. ನಾಯಿ, ದನಗಳು ಎಳೆದಾಡಿ ಕಸ ಮೊದಲಿಗಿಂತ ಹೆಚ್ಚು ಹರಡಿತ್ತು, ಇಬ್ಬರು ಪೌರಕಾರ್ಮಿಕ ಮಹಿಳೆಯರು ಬರಿಗೈಯಲ್ಲಿ ಅದನ್ನು ಮತ್ತೆ ಒಟ್ಟುಮಾಡುತ್ತಿದ್ದರು. ಅವರನ್ನು ಕಾರ್ಯಕ್ರಮದ ಹಿಂದಿನ ದಿನ ಯಾರಾದರೂ ಕೇಳಿದ್ದರೆ, ಕಸ ಎಲ್ಲಿಂದ ಬರುತ್ತದೆ, ಯಾವ ದಿನ ಗಾಡಿ ಬರುತ್ತದೆ ಎಂದು ಎರಡು ನಿಮಿಷದಲ್ಲಿ ಹೇಳಿರುತ್ತಿದ್ದರು.

ಈಗ ನಿಮ್ಮ ಚರಂಡಿಯ ಪ್ರಶ್ನೆಗೆ ಬರುತ್ತೇನೆ. 1983ರ ಡಿಸೆಂಬರಿನಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಿಬಿರಾರ್ಥಿಯಾಗಿದ್ದೆ. ಆಗ ನಾವು ಹತ್ತು ದಿನ ಇದ್ದೆವು. ಬೆಳಿಗ್ಗೆ ಐದಕ್ಕೆ ಪ್ರಭಾತಫೇರಿ, ಧ್ವಜವಂದನೆ, ಆಮೇಲೆ ಮಧ್ಯಾಹ್ನದವರೆಗೆ ಗುದ್ದಲಿ, ಸನಿಕೆ, ಬಾಂಡ್ಲಿ ಹಿಡಿದು ಶ್ರಮದಾನ. ಹೆದ್ದಾರಿಯಿಂದ ದೇವಸ್ಥಾನದ ಮುಂದಿನವರೆಗೆ ರಸ್ತೆಗೆ ಮಣ್ಣು ಏರಿಸುವುದು ನಮ್ಮ ಕೆಲಸ. ಅದನ್ನು ಊರಿನ ಮುಖಂಡರು ಆರಿಸಿದ್ದರು. ಮೂರು ದಿನ ಊರಿನವರೆಲ್ಲ ನಮ್ಮನ್ನು ಬೀಗರಂತೆ ನೋಡಿಕೊಂಡರು. ಅವರೂ ಒಳ್ಳೆಯ ಮಾತನ್ನೇ ಆಡಿದರು, ನಾವೂ ಒಳ್ಳೆಯ ಮಾತನ್ನೇ ಆಡಿದೆವು, ಯಾರಿಗೂ ಯಾರೂ ತಿಳಿಯಲಿಲ್ಲ. ನಾಲ್ಕನೆಯ ರಾತ್ರಿ, ಶಾಲೆಯ ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಕುಳಿತಿದ್ದಾಗ, ಅಂಗಳದ ಆಚೆಯೇ ನಿಂತು ಒಬ್ಬ ಮುದುಕಿ ಕೇಳಿದಳು: “ಮಕ್ಳಾ, ಆ ದಾರಿ ಏರಿಸ್ತಾ ಇದ್ದೀರಲ್ಲ, ಮಳೆ ಬಂದ್ರೆ ನೀರೆಲ್ಲ ನಮ್ಮ ಕೇರಿಗೇ ಅಲ್ವಾ ನುಗ್ಗೋದು?”

ಮರುದಿನ ಮೊದಲ ಬಾರಿಗೆ ನಾವು ಆ ಕೇರಿಗೆ ಹೋದೆವು. ಆಕೆ ಹೇಳಿದ್ದು ನಿಜವಾಗಿತ್ತು. ಮೂರು ದಿನ ಬೆವರು ಸುರಿಸಿ ನಾವು ದಲಿತರ ಹನ್ನೆರಡು ಮನೆಗಳ ಮುಂದೆ ನೀರು ನಿಲ್ಲುವ ವ್ಯವಸ್ಥೆ ಮಾಡಿದ್ದೆವು. ಅಲ್ಲಿಗೆ ಹೋದ ಮೇಲೆಯೇ ನಮಗೆ ಇನ್ನೊಂದು ವಿಷಯ ಹೊಳೆಯಿತು. ಊರಿನ ಮನೆಮನೆಯಿಂದ ಸರದಿಯಲ್ಲಿ ನಮಗೆ ಮುದ್ದೆ, ಅವರೆಕಾಳಿನ ಸಾರು ಬರುತ್ತಿತ್ತು, ಕೇರಿಯಿಂದ ಮಾತ್ರ ಬಂದಿರಲಿಲ್ಲ. ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲೂ ಇಲ್ಲ. ನಮ್ಮ ಕಾರ್ಯಕ್ರಮಾಧಿಕಾರಿಗಳು ವಾಣಿಜ್ಯಶಾಸ್ತ್ರದ ಮೇಷ್ಟ್ರು, ಹೆಚ್ಚು ಮಾತನಾಡುವವರಲ್ಲ. ಆರನೆಯ ಸಂಜೆ ಅವರೇ ಮೊದಲು ಹೋಗಿ ಕೇರಿಯ ಒಂದು ಮನೆಯ ಮುಂದೆ ಊಟಕ್ಕೆ ಕುಳಿತರು, ನಾವು ಅವರ ಸಾಲಿನಲ್ಲಿ ಕುಳಿತೆವು. ಮರುದಿನದಿಂದ ಎರಡು ಮನೆಗಳವರು ಹಾಲು ಕಳಿಸುವುದನ್ನು ನಿಲ್ಲಿಸಿದರು. ಉಳಿದ ದಿನಗಳಲ್ಲಿ ಏರಿಸಿದ್ದ ಮಣ್ಣನ್ನು ಒಂದು ಕಡೆ ಕತ್ತರಿಸಿ, ಚಪ್ಪಡಿ ಕಲ್ಲು ಹಾಸಿ ಒಂದು ಮೋರಿ ಕಟ್ಟಿದೆವು. ಸಮಾರೋಪಕ್ಕೆ ಮುಖಂಡರಲ್ಲಿ ಕೆಲವರು ಬರಲಿಲ್ಲ. ಮುದುಕಿ ಬಂದಿದ್ದಳು, ಆಗಲೂ ಅಂಗಳದ ಆಚೆಯೇ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ.

ನಾವು ಮೂರನೆಯ ದಿನ ಹೊರಟುಬಿಟ್ಟಿದ್ದರೆ, ಒಂದು ಹಳ್ಳಿಗೆ ರಸ್ತೆ ಮಾಡಿಕೊಟ್ಟೆವೆಂದು ಇಂದಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹೆಚ್ಚು ಜನರಿಗೆ ಉಪಯೋಗ ಎಂದು ನೀವು ಬರೆದಿದ್ದೀರಿ. ಉಪಯೋಗವಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಆ ಜನರೇ ಅಲ್ಲವೇ? ಅವರು ಬಾಯಿಬಿಡಲು ನಾಲ್ಕು ದಿನ ಬೇಕಾಯಿತು.

ಈ ಏಳು ದಿನಗಳ ಹಿಂದೆ ಒಂದು ದೀರ್ಘ ಚರ್ಚೆ ಇದೆ, ನಿಮ್ಮ ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿರಲಾರರು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ರಾಧಾಕೃಷ್ಣನ್ ಅಧ್ಯಕ್ಷತೆಯ ಆಯೋಗ ವಿದ್ಯಾರ್ಥಿಗಳ ಸ್ವಯಂಸೇವೆಯ ಮಾತೆತ್ತಿತ್ತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿಯು ವಿಶ್ವವಿದ್ಯಾಲಯ ಸೇರುವ ಮೊದಲು ಎಲ್ಲರೂ ಒಂಬತ್ತು ತಿಂಗಳಿಂದ ಒಂದು ವರ್ಷ ರಾಷ್ಟ್ರೀಯ ಸೇವೆ ಮಾಡುವುದು ಕಡ್ಡಾಯವಾಗಲಿ ಎಂದಿತು. ಶಿಕ್ಷಣ ತಜ್ಞ ಕೆ.ಜಿ. ಸೈಯದೈನ್ ಹಲವು ದೇಶಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಿ, ಸೇವೆ ಸ್ವಇಚ್ಛೆಯಿಂದಲೇ ನಡೆಯಲಿ ಎಂದು ಮರುವರ್ಷ ವರದಿ ಕೊಟ್ಟರು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞರು. ಅವರು ಆರಂಭಿಸಿದ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ದತ್ತು ಪಡೆದ ಊರಿನಲ್ಲಿ ಒಂದು ವಿಶೇಷ ಶಿಬಿರ. ಒಂದು ವರ್ಷ ಎಂದು ಹೊರಟವರು ಏಳು ದಿನಕ್ಕೆ ಬಂದು ನಿಂತಿದ್ದೇವೆ. ಆ ಏಳನ್ನೂ ಒಂದು ಭಾನುವಾರದ ಬೆಳಗಿಗೆ ಇಳಿಸಬಹುದೇ ಎಂದು ನೀವು ಕೇಳುತ್ತಿದ್ದೀರಿ, ಅದಕ್ಕಾಗಿಯೇ ನನ್ನ ಉತ್ತರ ಇಷ್ಟು ಉದ್ದವಾಗುತ್ತಿದೆ.

ಅದೇ 1969ರಲ್ಲಿ ಶ್ರೀಲಂಕಾದ ಎ.ಟಿ. ಆರ್ಯರತ್ನ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅವರು ಕೊಲಂಬೋದ ನಾಲಂದಾ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. 1958ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕನಾತೊಲುವ ಎಂಬ ಹಳ್ಳಿಗೆ, ಊರವರು ದೂರವಿಟ್ಟಿದ್ದ ಜಾತಿಯವರ ನಡುವೆ ಇದ್ದು ದುಡಿಯಲು ಕರೆದೊಯ್ದರು. ನಾವು ಶಿಬಿರಗಳಲ್ಲಿ ಬಳಸುವ ಶ್ರಮದಾನ ಎಂಬ ಶಬ್ದವೇ ಆ ಚಳವಳಿಯ ಹೆಸರಾಯಿತು. ಸರ್ವೋದಯ ಶ್ರಮದಾನ ಸಾವಿರಾರು ಹಳ್ಳಿಗಳಿಗೆ ಹಬ್ಬಿತು. ಇಷ್ಟು ದೂರ ಹೋಗುವುದೂ ಬೇಡ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ, ಸ್ವಾಮಿ ವಿವೇಕಾನಂದ ಯುವ ಚಳವಳಿಯನ್ನು ಆರಂಭಿಸಿದರು. ಪದವಿ ಮುಗಿಸಿ ಚದುರಿಹೋಗದೆ, ಕಬಿನಿ ಅಣೆಕಟ್ಟಿನ ನೀರಿಗೂ ಬಂಡೀಪುರದ ರಕ್ಷಿತ ಕಾಡಿಗೂ ನೆಲೆ ಬಿಟ್ಟುಕೊಟ್ಟಿದ್ದ ಆದಿವಾಸಿಗಳ ನಡುವೆ, ಹೆಗ್ಗಡದೇವನಕೋಟೆಯಲ್ಲಿ ಬೀಡುಬಿಟ್ಟರು. ಕೆಂಚನಹಳ್ಳಿಯ ಮತ್ತು ಸರಗೂರಿನ ಆಸ್ಪತ್ರೆಗಳು, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆ ಹೀಗೆ ಒಂದೇ ತಾಲ್ಲೂಕಿನಲ್ಲಿ ಕಾಲೂರಿ ನಿಂತದ್ದರಿಂದ ಬಂದವು.

ಎಲ್ಲರೂ ಆಸ್ಪತ್ರೆ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ನಗರದಲ್ಲೇ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವವರು ಬೇಕಾಗಿದ್ದಾರೆ. ನನಗೆ ಪರಿಚಯದ ಅಂಧ ಅಧ್ಯಾಪಕರೊಬ್ಬರು ಹೇಳುತ್ತಿದ್ದರು: ಪರೀಕ್ಷೆಯ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚಿನ ಸಮಯ ಕೊಡುತ್ತಾರೆ, ಆದರೆ ಹೊಸಬರು ಕುಳಿತರೆ ಆ ಸಮಯವೆಲ್ಲ ಪದಗಳ ಕಾಗುಣಿತ ಹೇಳುವುದರಲ್ಲಿಯೇ ಹೋಗುತ್ತದೆ, ಒಬ್ಬಳೇ ಹುಡುಗಿ ಮೂರು ವರ್ಷ ತಮಗೆ ಬರೆದುಕೊಟ್ಟಳು, ಕೊನೆಯ ವರ್ಷ ತಾವು ಉಸಿರು ನಿಲ್ಲಿಸಿದರೆ ಅದು ಅಲ್ಪವಿರಾಮವೋ ಪೂರ್ಣವಿರಾಮವೋ ಎಂದು ಅವಳಿಗೆ ತಿಳಿಯುತ್ತಿತ್ತು. ಆ ಮೂರು ವರ್ಷಕ್ಕೆ ಅವಳಿಗೆ ಯಾವ ಪ್ರಮಾಣಪತ್ರವೂ ಬರಲಿಲ್ಲ. ಅವರ ನೌಕರಿಯ ಆದೇಶ ಬಂದ ದಿನ ಮೊದಲ ಫೋನ್ ಹೋದದ್ದು ಅವಳಿಗೆ.

ಇನ್ನು ನನ್ನ ಸಿಟ್ಟು ವಿದ್ಯಾರ್ಥಿಗಳ ಮೇಲಲ್ಲ, ನಿಮ್ಮ ಕಾಲವನ್ನು ಚೂರುಚೂರು ಮಾಡಿದವರ ಮೇಲೆ. ಸೆಮಿಸ್ಟರ್ ಪದ್ಧತಿಯಲ್ಲಿ ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್, ಮತ್ತೆ ಪರೀಕ್ಷೆ. ಏಳು ದಿನ ಊರು ಬಿಟ್ಟವರು ಹಾಜರಾತಿಗಾಗಿ ಕಚೇರಿಯ ಮುಂದೆ ನಿಲ್ಲಬೇಕು. ಶಿಬಿರ ನಡೆಸಬೇಕಾದ ಅಧ್ಯಾಪಕರಾದರೂ ಎಲ್ಲಿದ್ದಾರೆ? ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರು ಯಾವ ಊರಿಗೆ ಮತ್ತೆ ಬರುತ್ತೇವೆಂದು ಮಾತು ಕೊಟ್ಟಾರು? ಉಳಿದ ಕೆಲವೇ ಕಾಯಂ ಅಧ್ಯಾಪಕರು ಪಾಠದ ಹೊರೆಯ ಜೊತೆಗೆ ಶಿಬಿರದ ಅಕ್ಕಿಬೇಳೆಯ ಲೆಕ್ಕವನ್ನೂ ಬರೆಯುತ್ತಾರೆ, ಅನುದಾನ ಸಾಲದಾದಾಗ ಊರಿನವರ ಮುಂದೆ ಕೈಯೊಡ್ಡುತ್ತಾರೆ. ಇದರ ನಡುವೆ ಒಂದು ಬ್ಯಾನರ್, ಒಂದು ಛಾಯಾಚಿತ್ರ, ಒಂದು ವರದಿ ಇದ್ದರೆ ಕಾಲೇಜಿನ ಗುಣಮಟ್ಟ ಅಳೆಯಲು ಬರುವ ಮೌಲ್ಯಾಂಕನದ ಸಮಿತಿಗೆ ಸಾಕಾಗುತ್ತದೆ. ಒಂದು ದಿನದ ಕಾರ್ಯಕ್ರಮಗಳು ಹೆಚ್ಚಿದ್ದು ಹೀಗೆ. 2014ರಲ್ಲಿ ಆರಂಭವಾದ, ಉನ್ನತ ಶಿಕ್ಷಣ ಸಂಸ್ಥೆಗಳನ್ನು ಹಳ್ಳಿಗಳೊಂದಿಗೆ ಜೋಡಿಸುವ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಸಂಸ್ಥೆ ಕನಿಷ್ಠ ಐದು ಹಳ್ಳಿಗಳನ್ನು ದತ್ತು ಪಡೆಯುತ್ತದೆ. ಒಂದನ್ನೇ ಪಡೆದು ಹತ್ತು ವರ್ಷ ಬಿಡದೆ ಹೋಗುವ ಕಾಲೇಜಿಗೆ ನಾನು ಹೆಚ್ಚು ಗೌರವ ಕೊಡುತ್ತೇನೆ.

ನಿಮ್ಮ ತಾಯಿಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಸರು ಕೊಡುವ ಮುನ್ನ ಕಾರ್ಯಕ್ರಮಾಧಿಕಾರಿಯವರನ್ನು ನೇರವಾಗಿ ಕೇಳಿ: ಹುಡುಗಿಯರ ಜೊತೆ ರಾತ್ರಿ ಉಳಿಯುವ ಅಧ್ಯಾಪಕಿ ಯಾರು, ಮಲಗುವ ಕೋಣೆಗೆ ಒಳಚಿಲಕ ಇದೆಯೇ, ಶೌಚಾಲಯಕ್ಕೆ ನೀರಿದೆಯೇ, ಹತ್ತಿರದ ಆರೋಗ್ಯ ಕೇಂದ್ರ ಎಷ್ಟು ದೂರ. ಸರಿಯಾದ ಉತ್ತರ ಬಾರದಿದ್ದರೆ ಹೋಗಬೇಡಿ. ಬಂದರೆ, ನಡುವೆ ಒಂದು ದಿನ ಅಮ್ಮನನ್ನೇ ಶಿಬಿರಕ್ಕೆ ಕರೆಸಿಕೊಳ್ಳಿ. ಊರಿನ ಹೆಂಗಸರು ನಿಮಗೆ ಹೇಳದೆ ಉಳಿಸಿದ್ದನ್ನು ಅವರಿಗೆ ಹೇಳುತ್ತಾರೆ. ಇನ್ನೂ ಎರಡು ಪ್ರಶ್ನೆಗಳನ್ನು ಕೇಳಿ: ಅಲ್ಲಿ ಮಾಡಬೇಕಾದ ಕೆಲಸವನ್ನು ಆರಿಸಿದವರು ಯಾರು, ಕಳೆದ ವರ್ಷವೂ ಶಿಬಿರ ಇದೇ ಊರಿನಲ್ಲಿ ನಡೆದಿತ್ತೇ? ಮುಗಿಸಿ ಬಂದು ಮೂರು ತಿಂಗಳಾದ ಮೇಲೆ, ಮಳೆಗಾಲ ಹಿಡಿದಾಗ, ಬಸ್ಸು ಹತ್ತಿ ಆ ಊರಿಗೆ ಮತ್ತೊಮ್ಮೆ ಹೋಗಿ. ನೀವು ತೋಡಿದ ಚರಂಡಿಯಲ್ಲಿ ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಿ ನನಗೆ ಬರೆಯಿರಿ.