ಥಾಲಿಡೋಮೈಡ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಾರದಂತೆ ತಡೆದವರು ಯಾರು?

ಫ್ರಾನ್ಸಿಸ್ ಓಲ್ಡ್‌ಹ್ಯಾಮ್ ಕೆಲ್ಸಿ. 1914ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಹುಟ್ಟಿದವರು. ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬರೆದ ಅರ್ಜಿಗೆ ಬಂದ ಉತ್ತರ 'ಮಿಸ್ಟರ್ ಓಲ್ಡ್‌ಹ್ಯಾಮ್' ಅವರಿಗೆ! ಅಲ್ಲಿನ ಪ್ರೊಫೆಸರ್ ಗೈಲಿಂಗ್ 'ಫ್ರಾನ್ಸಿಸ್' ಗಂಡಸಿನ ಹೆಸರು ಅಂದುಕೊಂಡಿದ್ದರು.

1937ರಲ್ಲಿ ಸಲ್ಫಾನಿಲಮೈಡ್ ಎಂಬ ಸೋಂಕಿನ ಔಷಧಿಯ ಸಿರಪ್ ಕುಡಿದು ನೂರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಾಗ, ಕಾರಣ ಹುಡುಕಿದ ಗೈಲಿಂಗ್ ತಂಡದಲ್ಲಿ ಇವರೂ ಇದ್ದರು. ಕೊಂದದ್ದು ಔಷಧಿಯಲ್ಲ, ಅದನ್ನು ಕರಗಿಸಲು ಬಳಸಿದ್ದ ಡೈಎಥಿಲೀನ್ ಗ್ಲೈಕಾಲ್. (ಕೆಮ್ಮಿನ ಸಿರಪ್ ಸುದ್ದಿಗಳಲ್ಲಿ ನಾವು ಈಗಲೂ ಓದುವ ಹೆಸರೇ.)

1960ರಲ್ಲಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೇರಿ ತಿಂಗಳಾಗಿತ್ತಷ್ಟೇ, ಥಾಲಿಡೋಮೈಡ್ ಮಾರಲು ಅನುಮತಿ ಕೇಳಿದ ಕಂಪನಿಯ ಅರ್ಜಿ ಇವರ ಮೇಜಿಗೆ ಬಂತು. ನಿದ್ದೆಗೆ ಕೊಡುತ್ತಿದ್ದ ಈ ಮಾತ್ರೆಯನ್ನು ಯುರೋಪಿನಲ್ಲಿ ಬಸುರಿಯರು ವಾಕರಿಕೆಗೂ ನುಂಗುತ್ತಿದ್ದರು. ಆಗಿನ ನಿಯಮದಂತೆ 60 ದಿನದೊಳಗೆ ಆಕ್ಷೇಪಿಸದಿದ್ದರೆ ಔಷಧಿ ತಾನಾಗಿಯೇ ಮಾರಾಟಕ್ಕೆ ಹೋಗುತ್ತಿತ್ತು. ಕೆಲ್ಸಿ ಪ್ರತಿ ಸಲವೂ ಪುರಾವೆ ಸಾಲದೆಂದು ಅರ್ಜಿ ಹಿಂದಿರುಗಿಸಿದರು. ಅಷ್ಟರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವೈದ್ಯರೊಬ್ಬರ ಪುಟ್ಟ ಪತ್ರ ಕಣ್ಣಿಗೆ ಬಿತ್ತು: ಮಾತ್ರೆ ತಿಂದವರ ಕೈಕಾಲು ಜೋಮು ಹಿಡಿಯುತ್ತಿದೆ. ದೊಡ್ಡವರ ನರಕ್ಕೇ ಹೀಗಾದರೆ ಹೊಟ್ಟೆಯಲ್ಲಿರುವ ಮಗುವಿನ ಗತಿ? ಕಂಪನಿಯವರು ಮೇಲಧಿಕಾರಿಗಳಿಗೆ ದೂರಿದರೂ ಈಕೆ ಜಗ್ಗಲಿಲ್ಲ.

1961ರ ಕೊನೆಗೆ ಜರ್ಮನಿಯಲ್ಲಿ ಮಾತ್ರೆ ವಾಪಸಾಯಿತು. ಅಷ್ಟರಲ್ಲಿ ಸಾವಿರಾರು ಮಕ್ಕಳು ಮೊಟಕು ಕೈಕಾಲುಗಳೊಂದಿಗೆ ಹುಟ್ಟಿದ್ದರು. ಅಮೆರಿಕದಲ್ಲೂ ಪೂರ್ತಿ ತಪ್ಪಲಿಲ್ಲ, ಕಂಪನಿ 'ಪ್ರಯೋಗ'ದ ಹೆಸರಲ್ಲಿ ವೈದ್ಯರಿಗೆ ಮಾತ್ರೆ ಹಂಚಿತ್ತು. 1962ರ ಹೊಸ ಕಾನೂನು ಔಷಧಿ ಕೆಲಸ ಮಾಡುತ್ತದೆಂದು ಸಾಬೀತುಪಡಿಸುವುದನ್ನೂ, ಪ್ರಯೋಗಕ್ಕೆ ಒಳಗಾಗುವವರ ಒಪ್ಪಿಗೆಯನ್ನೂ ಕಡ್ಡಾಯ ಮಾಡಿತು. ಅಧ್ಯಕ್ಷ ಕೆನಡಿ ಪದಕ ಕೊಟ್ಟರು. ಕೆಲ್ಸಿ ನಿವೃತ್ತರಾದದ್ದು 2005ರಲ್ಲಿ, 90ನೇ ವಯಸ್ಸಿಗೆ.