ವ್ಯಾಟ್ ಕೇಳಬೇಡಿ, ಲ್ಯೂಮೆನ್ ಕೇಳಿ

ಓದುಗರ ಪ್ರಶ್ನೆಗಳು. ಈ ಸಲದ ವಿಷಯ ಬಲ್ಬು, ಟ್ಯೂಬು, ಬೆಳಕು. ಉತ್ತರ ಕೊಡುವವರು ಮೊದಲು ಮನೆಗಳ ವೈರಿಂಗ್ ಮಾಡಿಕೊಂಡಿದ್ದು, ಈಗ ಬಾಗಲಕೋಟೆಯ ನವನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ನಡೆಸುವ ನಮ್ಮ ಅಂಕಣಕಾರರು.

ಪ್ರಶ್ನೆ: ನಾವು ಕುಣಿಮಗ್ಗದ ಮೇಲೆ ಸೀರೆ ನೇಯುವವರು. ಮಗ್ಗದ ಕೋಣೆ 12 ಅಡಿಗೆ 15 ಅಡಿ. ಮೊದಲು ನೂರು ಕ್ಯಾಂಡಲ್ ಬಲ್ಬ್ ಇತ್ತು. ಈಗ ಮೇಲೆ ಜಂತಿಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿಸಿದ್ದೇವೆ. ಕೋಣೆ ತುಂಬ ಬೆಳಕಿದೆ. ಆದರೆ ಸಂಜೆ ಸೆರಗು ನೇಯುವಾಗ ಎಳೆ ಕಡಿದದ್ದೇ ಗೊತ್ತಾಗುವುದಿಲ್ಲ. ಎರಡು ಬೇರೆ ಕೆಂಪು ನೂಲು ಒಂದೇ ಥರ ಕಾಣುತ್ತವೆ. ‘ಹಳೆ ಬಲ್ಬೇ ಚೊಲೋ ಇತ್ತು’ ಅಂತಾರೆ ನಮ್ಮಪ್ಪ. 40 ವ್ಯಾಟಿನದು ಹಾಕಿಸೋಣವೇ?
— ಓದುಗರೊಬ್ಬರು, ಇಳಕಲ್

ಉತ್ತರ: ನಿಮ್ಮಪ್ಪನವರ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. 40 ವ್ಯಾಟಿನದು ಸದ್ಯಕ್ಕೆ ಬೇಡ.

ವ್ಯಾಟ್ ಅಂದರೆ ಟ್ಯೂಬ್ ಕರೆಂಟ್ ಎಷ್ಟು ತಿನ್ನುತ್ತದೆ ಅನ್ನುವ ಲೆಕ್ಕ. ಬೆಳಕು ಎಷ್ಟು ಕೊಡುತ್ತದೆ ಅನ್ನುವುದು ಲ್ಯೂಮೆನ್. ಆ ಬೆಳಕು ನಿಮ್ಮ ಬಟ್ಟೆಯ ಮೇಲೆ ಎಷ್ಟು ಬಿತ್ತು ಅನ್ನುವುದು ಲಕ್ಸ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಒಂದು ಚೀಲ ಜೋಳವನ್ನು ಸಣ್ಣ ಅಂಗಳದಲ್ಲಿ ಹರವಿದರೆ ದಪ್ಪಗೆ ನಿಲ್ಲುತ್ತದೆ, ದೊಡ್ಡ ಕಣದಲ್ಲಿ ಹರವಿದರೆ ತೆಳ್ಳಗಾಗುತ್ತದೆ. ಚೀಲ ಅದೇ, ಜೋಳ ಅದೇ.

ಈಗ ನಿಮ್ಮ ಕೋಣೆ. 12 ಅಡಿಗೆ 15 ಅಡಿ ಅಂದರೆ ಸುಮಾರು 17 ಚದರ ಮೀಟರ್. 20 ವ್ಯಾಟಿನ ಒಳ್ಳೆಯ ಟ್ಯೂಬ್ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಭಾಗಿಸಿದರೆ 120 ಲಕ್ಸ್ ಚಿಲ್ಲರೆ. ಅದರಲ್ಲೂ ಅರ್ಧದಷ್ಟನ್ನು ಗೋಡೆ, ಜಂತಿ, ಟ್ಯೂಬಿನ ಮೇಲೆ ಕೂತ ನೂಲಿನ ಧೂಳು ನುಂಗಿಬಿಡುತ್ತವೆ. ಕೊನೆಗೆ ಉಳಿಯೋದು 60ರ ಆಸುಪಾಸು. ಓಡಾಡಲಿಕ್ಕೆ, ಊಟಕ್ಕೆ ಅಷ್ಟು ಸಾಕು. ಪುಸ್ತಕ ಓದಬೇಕಾದರೆ 300 ಲಕ್ಸ್ ಬೇಕು. ಸಣ್ಣ ಎಳೆಯ ನೇಯ್ಗೆಗೆ 500ಕ್ಕಿಂತ ಕಡಿಮೆ ಇರಬಾರದು. ದಾಳಿಂಬೆ ಕೆಂಪು, ನವಿಲು ಹಸಿರಿನಂಥ ಗಾಢ ಬಣ್ಣದ ಒಡಲು ಇದ್ದರೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಆ ಬಟ್ಟೆ ಬೆಳಕನ್ನು ಕಣ್ಣಿಗೆ ವಾಪಸ್ ಕೊಡುವುದೇ ಕಡಿಮೆ. 40 ವ್ಯಾಟ್ ಹಾಕಿದರೂ 60 ಇದ್ದದ್ದು 120 ಆಗುತ್ತದೆ, ಅಷ್ಟೇ.

ಇನ್ನೊಂದು ಮಾತು. ನಿಮ್ಮ ಟ್ಯೂಬ್ ಜಂತಿಯ ಯಾವ ಕಡೆ ಇದೆ ಅಂತ ನೀವು ಬರೆದಿಲ್ಲ. ಆದರೂ ಊಹಿಸಬಲ್ಲೆ: ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆ, ಸ್ವಿಚ್ ಬೋರ್ಡಿಗೆ ಹತ್ತಿರ. ವೈರ್ ಉಳಿಯಲಿ ಅಂತ ವೈರಿಂಗಿನವರು ಮಾಡುವ ಕೆಲಸ ಅದು. ಕುಣಿಯೊಳಗೆ ಕಾಲು ಬಿಟ್ಟು ಕೂತು ಮುಂದಕ್ಕೆ ಬಾಗಿದಾಗ ನಿಮ್ಮ ತಲೆಯ ನೆರಳು ಸರಿಯಾಗಿ ಲಾಳಿ ಓಡುವ ಜಾಗದ ಮೇಲೆ ಬೀಳುತ್ತದೆ. ಸೆರಗಿನ ಎಳೆಗೆ ಒಡಲಿನ ಎಳೆ ಕೊಂಡಿ ಹಾಕಿ ಕೂಡಿಸುವಾಗ ಬೆರಳಿನ ನೆರಳೂ ಸೇರಿಕೊಳ್ಳುತ್ತದೆ. ಅಲ್ಲಿ ಎಷ್ಟು ವ್ಯಾಟ್ ಇದ್ದರೂ ದಂಡ.

ಹೀಗೆ ಮಾಡಿ. ಇರುವ ಟ್ಯೂಬ್ ಇಳಿಸಿ, ಅಷ್ಟೇ ವ್ಯಾಟಿನದು ಇನ್ನೊಂದು ತನ್ನಿ. ಎರಡನ್ನೂ ಸರಪಳಿ ಕಟ್ಟಿ ಮಗ್ಗದ ಎಡಕ್ಕೊಂದು, ಬಲಕ್ಕೊಂದು, ನಿಮ್ಮ ತಲೆಗಿಂತ ಸ್ವಲ್ಪ ಮುಂದೆ, ಬಟ್ಟೆಯಿಂದ ನಾಲ್ಕು ಅಡಿ ಎತ್ತರಕ್ಕೆ ತೂಗುಹಾಕಿ. ಎಡದ್ದರ ನೆರಳನ್ನು ಬಲದ್ದು ಅಳಿಸುತ್ತದೆ. ಬಲ್ಬ್ ಆಗಿದ್ದರೆ ದೂರ ಅರ್ಧ ಆದಾಗ ಬೆಳಕು ನಾಲ್ಕು ಪಟ್ಟು ಆಗುತ್ತದೆ. ಟ್ಯೂಬ್ ಉದ್ದ ಇರುವುದರಿಂದ ಅಷ್ಟು ಆಗೋದಿಲ್ಲ, ಎರಡು ಪಟ್ಟಿಗಂತೂ ಮೋಸವಿಲ್ಲ. ಗೋಡೆಗೆ ಸುಣ್ಣ ಹಚ್ಚಿ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳು ಸಿಗುತ್ತವೆ. ಬಟ್ಟೆಯ ಮೇಲೆ ಫೋನ್ ಅಂಗಾತ ಇಟ್ಟು ಮೊದಲು, ಆಮೇಲೆ ನೋಡಿ. ಅಂಕಿ ಪಕ್ಕಾ ಇರೋದಿಲ್ಲ, ಹೋಲಿಸಲಿಕ್ಕೆ ಸಾಕು.

ಈಗ ನಿಮ್ಮಪ್ಪನವರ ಅರ್ಧ ನಿಜ. ಹಳೆಯ ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪು ತುಂಬಾ ಇರುತ್ತಿತ್ತು. ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಬೆಳಕಿನ ಚಿಪ್, ಅದರ ಮೇಲೆ ಹಳದಿ ಲೇಪನ. (ಆ ನೀಲಿ ಬೆಳಕು ಹೊರಡಿಸಿದ್ದಕ್ಕೇ 2014ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.) ಅಗ್ಗದ ಎಲ್‌ಇಡಿಯಲ್ಲಿ ಗಾಢ ಕೆಂಪು ಕಡಿಮೆ ಇರುತ್ತದೆ. ಅದಕ್ಕೇ ನಿಮ್ಮ ಎರಡು ಕೆಂಪು ಒಂದಾಗಿ ಕಾಣುತ್ತಿವೆ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ. ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಳತೆ ಅದು. ತಂತಿ ಬಲ್ಬಿನದು ನೂರರ ಹತ್ತಿರ, ಸಾಮಾನ್ಯ ಎಲ್‌ಇಡಿಯದು 80ರ ಸುತ್ತಮುತ್ತ. ನೀವು 90ರದ್ದು ಕೇಳಿ. ಬೆಲೆ ಸ್ವಲ್ಪ ಹೆಚ್ಚು. ಎಲ್ಲ ಅಂಗಡಿಯಲ್ಲಿ ಇಡೋದಿಲ್ಲ, ತರಿಸಬೇಕಾಗುತ್ತದೆ. ಕೊಳ್ಳಲು ಹೋಗುವಾಗ ಆ ಎರಡು ನೂಲಿನ ಲಡಿಗಳನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅಂಗಡಿಯಲ್ಲಿ ಹಚ್ಚಿಸಿ, ಅದರ ಕೆಳಗೆ ಹಿಡಿದು ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಪ್ರಶ್ನೆ: ಅಂಗಡಿಯಲ್ಲಿ 9 ವ್ಯಾಟಿನ ಎರಡು ಬಲ್ಬ್ ತೋರಿಸಿದರು. ಒಂದರ ಮೇಲೆ 810 ಲ್ಯೂಮೆನ್, ಇನ್ನೊಂದರ ಮೇಲೆ 990. ಎರಡನೆಯದಕ್ಕೆ ದುಡ್ಡು ಜಾಸ್ತಿ. ‘ಎರಡೂ ಒಂದೇ ಅಕ್ಕಾರೆ, ನೂರು ವ್ಯಾಟ್ ಬಲ್ಬಿನಷ್ಟು ಬೆಳಕು’ ಅಂದರು. ಹೌದೇ?
— ಗೃಹಿಣಿ, ಟಿಳಕವಾಡಿ, ಬೆಳಗಾವಿ

ಉತ್ತರ: ಎರಡೂ ಒಂದೇ ಅಲ್ಲ, ನೂರು ವ್ಯಾಟಿನಷ್ಟೂ ಅಲ್ಲ. ಹಳೆಯ 40 ವ್ಯಾಟಿನ ಬಲ್ಬ್ ಸುಮಾರು 400 ಲ್ಯೂಮೆನ್ ಕೊಡುತ್ತಿತ್ತು. 60ರದ್ದು 700, ನೂರರದ್ದು 1,300ಕ್ಕೂ ಮೇಲೆ. ಹಾಗಾಗಿ ನಿಮಗೆ ತೋರಿಸಿದ್ದು 60ರದ್ದನ್ನು ದಾಟುತ್ತವೆ, ನೂರನ್ನು ಮುಟ್ಟುವುದಿಲ್ಲ. ನೂರರ ಜಾಗಕ್ಕೆ 14–15 ವ್ಯಾಟಿನ ಎಲ್‌ಇಡಿ ಬೇಕು.

ಲ್ಯೂಮೆನ್ ಅನ್ನು ವ್ಯಾಟಿನಿಂದ ಭಾಗಿಸಿ. ಒಂದು ವ್ಯಾಟಿಗೆ ಮೊದಲನೆಯದು 90 ಕೊಡುತ್ತದೆ, ಎರಡನೆಯದು 110. ಡಬ್ಬಿಯ ಮೇಲಿನ ನಕ್ಷತ್ರಗಳೂ ಈ ಲೆಕ್ಕದ ಮೇಲೆಯೇ ಬರುತ್ತವೆ. ಕರೆಂಟ್ ಬಿಲ್ ಎರಡಕ್ಕೂ ಒಂದೇ, ಬೆಳಕು ಮಾತ್ರ ಹೆಚ್ಚು. ಅಡುಗೆಮನೆಗೆ, ಮಕ್ಕಳು ಓದುವ ಜಾಗಕ್ಕೆ ಎರಡನೆಯದು ತಗೊಳ್ಳಿ. ಬಚ್ಚಲಿಗೆ, ಅಟ್ಟಕ್ಕೆ ಮೊದಲನೆಯದೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಡಬ್ಬಿಯ ಮೇಲೆ ಲ್ಯೂಮೆನ್ ಬರೆಯದೆ ‘ಸೂಪರ್ ಬ್ರೈಟ್’ ಅಂತ ಮಾತ್ರ ಬರೆದಿದ್ದರೆ ವಾಪಸ್ ಕೊಟ್ಟು ಬನ್ನಿ.

ಪ್ರಶ್ನೆ: ನಮ್ಮ ಊರಲ್ಲಿ ಸಂಜೆ ವೋಲ್ಟೇಜ್ ಬೀಳುತ್ತದೆ. ಎಲ್‌ಇಡಿ ತಡೆಯುತ್ತದೆಯೇ?
— ವಿದ್ಯಾರ್ಥಿ, ಜಮಖಂಡಿ ತಾಲೂಕು

ಉತ್ತರ: ತಡೆಯುತ್ತದೆ. ತಂತಿ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಕಡಿಮೆಯಾಗುತ್ತಿತ್ತು. ಒಳ್ಳೆಯ ಡ್ರೈವರ್ (ಒಳಗೆ ಕರೆಂಟನ್ನು ಹದಕ್ಕೆ ತರುವ ಸರ್ಕ್ಯೂಟ್) ಇರುವ ಎಲ್‌ಇಡಿ ವೋಲ್ಟೇಜ್ ಇಳಿದರೂ ಅಷ್ಟೇ ಬೆಳಕು ಕೊಡುತ್ತದೆ. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ನಡೆಯುತ್ತದೆ ಅಂತ ಡಬ್ಬಿಯ ಮೇಲೆ ಇರುತ್ತದೆ, ಓದಿ ತಗೊಳ್ಳಿ.

ಪ್ರಶ್ನೆ: ಒಣದ್ರಾಕ್ಷಿ ಶೆಡ್ಡಿನ ಮುಂದಿನ 60 ಅಡಿಗೆ 60 ಅಡಿ ಅಂಗಳಕ್ಕೆ 50 ವ್ಯಾಟಿನ ಫ್ಲಡ್‌ಲೈಟ್ ಹಾಕಿದ್ದೇನೆ. ಕಂಬ 20 ಅಡಿ. ರಾತ್ರಿ ಕಾವಲಿಗೆ ಚಲೋ ಆಗಿದೆ. ಆದರೆ ಅದರ ಕೆಳಗೆ ಹೆಣ್ಣುಮಕ್ಕಳು ದ್ರಾಕ್ಷಿ ಆರಿಸಲಿಕ್ಕೆ ಕೂತರೆ ಕಪ್ಪಾದದ್ದು, ಕಡ್ಡಿ ಎಲ್ಲ ಉಳಿದುಬಿಡುತ್ತವೆ. ನೂರು ವ್ಯಾಟಿನದು ಹಾಕಲೇ?
— ರೈತರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಬೇಡ. ನಿಮ್ಮ ಅಂಗಳ 330 ಚದರ ಮೀಟರ್ ಮೇಲೆ ಇದೆ. 50 ವ್ಯಾಟಿನ ದೀಪ 5,000 ಲ್ಯೂಮೆನ್ ಕೊಟ್ಟರೂ ಸರಾಸರಿ 15 ಲಕ್ಸ್. ಅಂಗಳದ ಆಚೆಗೆ ಹೋಗುವುದನ್ನು ಕಳೆದರೆ ಏಳೆಂಟು. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಸುತ್ತಮುತ್ತ ಇರುತ್ತದೆ, ಹಾಗಾಗಿ ಕಾವಲಿನವನಿಗೆ ಏಳೆಂಟು ಲಕ್ಸ್ ಧಾರಾಳ. ಆರಿಸುವ ಕೆಲಸಕ್ಕೆ ಇಳಕಲ್ಲಿನವರಿಗೆ ಹೇಳಿದಷ್ಟೇ ಬೇಕು, 500. ಅಂಗಳಕ್ಕೆಲ್ಲ ಅಷ್ಟು ಕೊಡಲಿಕ್ಕೆ ಹೋದರೆ ಇಂಥ ಫ್ಲಡ್‌ಲೈಟ್ ಅರವತ್ತಕ್ಕೂ ಮೇಲೆ ಬೇಕಾಗುತ್ತವೆ!

ಆರಿಸುವವರನ್ನು ಶೆಡ್ಡಿನೊಳಗೆ ಕೂರಿಸಿ. ಮೇಜಿನ ಮೇಲೆ ಮೂರು ಅಡಿ ಎತ್ತರಕ್ಕೆ 20 ವ್ಯಾಟಿನ ಎರಡು ಟ್ಯೂಬ್ ತೂಗುಹಾಕಿ, ಸಿಆರ್‌ಐ 90ರದ್ದು. ಹಸಿರು, ಹೊನ್ನಿನ ಬಣ್ಣ, ಕಪ್ಪು ಬೇರೆಬೇರೆ ಕಾಣಬೇಕಲ್ವಾ? ಮೇಜಿನ ಮೇಲೆ ಬಿಳಿ ಹಾಳೆ ಹಾಸಿ. ಅಂಗಳದ ದೀಪ ಮುಂದೆ ಬದಲಾಯಿಸುವಾಗ ಹಳದಿ ಬೆಳಕಿನದು ಹಾಕಿ, 3,000 ಕೆಲ್ವಿನ್ ಅಂತ ಬರೆದಿರುತ್ತದೆ. ಬಿಳಿ ಬೆಳಕಿನಷ್ಟು ಹುಳ ಬರೋದಿಲ್ಲ.

ಪ್ರಶ್ನೆ: ದೇವರಕೋಣೆಯಲ್ಲಿ ರಾತ್ರಿಯಿಡೀ ಕೆಂಪು ಜೀರೋ ಬಲ್ಬ್ ಉರಿಯುತ್ತದೆ. ಅದಕ್ಕೆ ಕರೆಂಟ್ ಖರ್ಚಾಗುವುದಿಲ್ಲ ಅಂತ ಅತ್ತೆ ಹೇಳುತ್ತಾರೆ.
— ಓದುಗರು, ಬಾದಾಮಿ

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ತಂತಿಯ ಜೀರೋ ಬಲ್ಬ್ ಸೊನ್ನೆಯಲ್ಲ, 12ರಿಂದ 15 ವ್ಯಾಟ್ ತಿನ್ನುತ್ತದೆ. ಅಂದರೆ ನಿಮ್ಮ ಅಡುಗೆಮನೆಯ 9 ವ್ಯಾಟಿನ ಎಲ್‌ಇಡಿಗಿಂತ ಜಾಸ್ತಿ. 15 ವ್ಯಾಟಿನಂತೆ ದಿನಕ್ಕೆ ಹತ್ತು ತಾಸು ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಬಲ್ಬ್ ಕೆಂಪು ಬಣ್ಣದಲ್ಲೂ ಸಿಗುತ್ತದೆ. ಅದೇ ಹೋಲ್ಡರಿಗೆ ಕೂರುತ್ತದೆ. ಅತ್ತೆ ಮಧ್ಯಾಹ್ನ ಮಲಗಿದಾಗ ಬದಲಾಯಿಸಿಬಿಡಿ.